ಬಾನೆಟ್ ಎತ್ತುವ ಮುನ್ನ

ಮಾಟುಂಗ ಪಶ್ಚಿಮದ ಕರ್ನಾಟಕ ಸಂಘದ ಸಭಾಗೃಹಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ನಾಟಕಕ್ಕೋ ಪುಸ್ತಕ ಬಿಡುಗಡೆಗೋ ಅಲ್ಲಿಗೆ ಹೋಗುವ ನಮಗೆ ಸರ್ ಎಂ.ವಿ. ಎಂದರೆ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಆದರೆ ಇದೇ ಮನುಷ್ಯ 1930ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಮುಂಬಯಿಯಲ್ಲಿ ಒಂದು ಕಾರು ಕಾರ್ಖಾನೆ ಆಗಲೇಬೇಕು ಎಂದು ಹಠ ಹಿಡಿದು ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದಿದ್ದರು. ಬ್ರಿಟಿಷ್ ಸರಕಾರಕ್ಕೆ ಅದು ಬೇಕಿರಲಿಲ್ಲ. ಅವರ ಯೋಜನೆಗೆ ಹೆಗಲು ಕೊಟ್ಟ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. ಕಾರ್ಖಾನೆ ಎದ್ದದ್ದು ಕುರ್ಲಾದಲ್ಲಿ, ಮಾಟುಂಗದಿಂದ ಕೆಲವೇ ಕಿಲೋಮೀಟರ್ ಆಚೆ.

ಮುಂದಿನ ಕಥೆ ಮುಂಬಯಿಯವರಿಗೆ ಗೊತ್ತಿದ್ದದ್ದೇ. 1964ರಲ್ಲಿ ಫಿಯೆಟ್ 1100 ಡಿಲೈಟ್. 1974ರಿಂದ ಅದೇ ಗಾಡಿ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ನಲವತ್ತರ ಆಸುಪಾಸಿನ ಅಶ್ವಶಕ್ತಿ, ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ. ಕಾಲಿ-ಪೀಲಿ ಟ್ಯಾಕ್ಸಿಯಾಗಿ ಊರನ್ನೆಲ್ಲ ಹೊತ್ತು ತಿರುಗಿದ ಆ ಗಾಡಿಗೆ 2023ರ ಅಕ್ಟೋಬರ್ 29 ಕೊನೆಯ ದಿನವಾಯಿತು. ಆ ಹೊತ್ತಿಗೆ ಪತ್ರಿಕೆಗಳೆಲ್ಲ ವಿದಾಯದ ಲೇಖನ ಬರೆದವು. ಅದೇ ಕುರ್ಲಾದಲ್ಲಿ ತಯಾರಾದ ಇನ್ನೊಂದು ಗಾಡಿಯ ಬಗ್ಗೆ ಮಾತ್ರ ಯಾರೂ ಕಣ್ಣೀರಿಡಲಿಲ್ಲ. ನನ್ನ ಪ್ರಕಾರ ಇಡಬೇಕಾಗಿದ್ದದ್ದು ಅದಕ್ಕೆ.

2001ರಲ್ಲಿ ಬಂದ ಫಿಯೆಟ್ ಪಾಲಿಯೊ. ಅದರಲ್ಲೂ 1.6 ಜಿಟಿಎಕ್ಸ್. ನೋಡಲು ಸಣ್ಣ ಕುಟುಂಬದ ಹ್ಯಾಚ್‌ಬ್ಯಾಕ್. ಬಾನೆಟ್ಟಿನ ಕೆಳಗೆ 1596 ಸಿಸಿ, 16 ವಾಲ್ವ್, ನೂರು ಅಶ್ವಶಕ್ತಿ. ಆ ಕಾಲದಲ್ಲಿ ಬೀದಿ ತುಂಬ ಇದ್ದ ಮಾರುತಿ 800ರ ಶಕ್ತಿ ಇದರ ಅರ್ಧವೂ ಇರಲಿಲ್ಲ. ಬ್ರೆಜಿಲ್‌ನಲ್ಲಿ 1996ರಲ್ಲಿ ಹೊರಬಂದು ಹಲವು ದೇಶ ಸುತ್ತಿದ ಕಾರು ಇದು. ಇಲ್ಲಿ ಸಚಿನ್ ತೆಂಡೂಲ್ಕರ್ ಪ್ರಚಾರ ಮಾಡಿದರು, ಅವರ ಹೆಸರಿನಲ್ಲಿ ‘ಎಸ್10’ ಎಂಬ ಸೀಮಿತ ಆವೃತ್ತಿಯೂ ಬಂತು. ಮೈಲೇಜ್ ಕೇಳಬಾರದು. ಕೇಳುವವರು 1.2 ಕೊಂಡರು, ಕೇಳದ ಕೆಲವೇ ಮಂದಿ 1.6 ಕೊಂಡರು. ಫೋರ್ಡ್ ಐಕಾನ್ 1.6, ಹೋಂಡಾ ಸಿಟಿ ವಿಟೆಕ್, 2004ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾದ 150 ಅಶ್ವಶಕ್ತಿಯ ವಿಆರ್‌ಎಸ್ ಇವೆಲ್ಲ ಒಂದೇ ತಲೆಮಾರಿನ ಗಾಡಿಗಳು. ಇವತ್ತು ಇವಕ್ಕೆಲ್ಲ ಇಪ್ಪತ್ತು ದಾಟಿದೆ. ಸೆಕೆಂಡ್‌ಹ್ಯಾಂಡ್ ಬೈಕಿನ ಬೆಲೆಗೆ ಕೈ ಬದಲಾಗುವ ಇವನ್ನು ಪ್ರೀತಿಯಿಂದ ಇಟ್ಟುಕೊಂಡವರು ಮಾಟುಂಗದಲ್ಲೂ ಇದ್ದಾರೆ.

ಎಲ್ಲಿ ಇಟ್ಟುಕೊಂಡಿದ್ದಾರೆ ಎಂಬುದೇ ದೊಡ್ಡ ಪ್ರಶ್ನೆ. ಪಾಶ್ಚಾತ್ಯರ ಸಿನಿಮಾಗಳಲ್ಲಿ ಕಾಣುವ, ಗೋಡೆ ತುಂಬ ಸ್ಪ್ಯಾನರ್ ತೂಗುಹಾಕಿದ ಗ್ಯಾರೇಜು ಇಲ್ಲಿ ಯಾರಿಗಿದೆ? ಮಾಟುಂಗ ಪೂರ್ವದ 1930-40ರ ದಶಕದ ಮೂರು ಮಹಡಿ ಕಟ್ಟಡಗಳಲ್ಲಿ ಕಾಂಪೌಂಡ್ ಗೋಡೆಗೂ ಅಡುಗೆಮನೆಯ ಕಿಟಕಿಗೂ ನಡುವಿನ ಓಣಿಯೇ ಗ್ಯಾರೇಜು. ಕೆಲಸ ಸಾಗುವುದು ಭಾನುವಾರ, ಅದೂ ಬೆಳಿಗ್ಗೆ ಏಳರಿಂದ ಹತ್ತರೊಳಗೆ. ಹತ್ತಾದ ಮೇಲೆ ಮಕ್ಕಳ ಕ್ರಿಕೆಟ್. ಮಧ್ಯದಲ್ಲಿ ನೆಲಮಹಡಿಯ ಮಾಮಿ ಕಿಟಕಿಯಿಂದ ಇಣುಕಿ, ಪೆಟ್ರೋಲ್ ವಾಸನೆ ದೇವರ ಮನೆವರೆಗೆ ಬರುತ್ತಿದೆ ಎನ್ನುತ್ತಾರೆ. ಅವರು ಹೇಳುವುದು ಸರಿ. ಆ ವಾಸನೆ ಬಂದರೆ ಮೊದಲು ಹುಡುಕಬೇಕಾದದ್ದು ಅದರ ಮೂಲವನ್ನೇ.

ನನ್ನ ಮಿತ್ರರೊಬ್ಬರ ಬಳಿ ಈ ತಲೆಮಾರಿನ ಒಂದು ಗಾಡಿಯಿದೆ. ಊರು ಕುಂದಾಪುರದ ಕಡೆ, ಕೆಲಸ ಬ್ಯಾಂಕಿನಲ್ಲಿ, ನಿವೃತ್ತಿಗೆ ಹತ್ತಿರ. ಗಾಡಿ ಯಾವ ಕಂಪನಿಯದು ಎಂದು ಬರೆಯುವುದಿಲ್ಲ; ಹೇಳಲಿರುವ ರೋಗ ವಯಸ್ಸಾದ ಯಾವ ಗಾಡಿಗೂ ಬರುವಂಥದ್ದು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಫ್ರೀವೇಯಲ್ಲಿ ಹಕ್ಕಿಯ ಹಾಗೆ ಹೋಗುತ್ತದೆ. ಮರಳಿ ಬರುವಾಗ ಸಯನ್ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ಇದ್ದಕ್ಕಿದ್ದಂತೆ ಬಂದ್. ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಹಠ ಮಾಡುವುದೇ ಇಲ್ಲ.

ಇಂಥ ಗಾಡಿಯ ಮುಂದೆ ನಿಂತ ಮಿಸ್ತ್ರಿಗಳ ಮೊದಲ ಮಾತು ಸಾಮಾನ್ಯವಾಗಿ ಒಂದೇ: “ಪಂಪ್ ಹೋಗಿದೆ ಸಾಬ್, ಹೊಸದು ಹಾಕೋಣ.” ಪಂಪ್ ಆಯಿತು. ಆಮೇಲೆ ಕಾಯಿಲ್, ಆಮೇಲೆ ಪ್ಲಗ್, ಆಮೇಲೆ ರಿಲೇ. ಪ್ರತಿ ಸಲವೂ ಗಾಡಿ ಎರಡು ವಾರ ಚೆನ್ನಾಗಿ ಓಡಿ, ಮತ್ತೆ ಅದೇ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಸಾಮಾನು ಬದಲಿಸುವುದಕ್ಕೆ ಬುದ್ಧಿ ಬೇಡ, ದುಡ್ಡು ಸಾಕು. ಹಳೆಯ ಗಾಡಿಗಳನ್ನು ಗುಜರಿಗೆ ಕಳಿಸುವುದು ತುಕ್ಕಲ್ಲ, ಈ ಬಿಲ್ಲುಗಳು ಎಂದೇ ನನ್ನ ನಂಬಿಕೆ.

ಮನೆಯಲ್ಲೇ ಕೈಹಾಕುವವನಿಗೆ ಇರುವ ಒಂದೇ ಅನುಕೂಲ ಸಮಯ. ಗಾಡಿ ತನ್ನೆದುರಿಗೇ ಕೆಡುವವರೆಗೆ ಆತ ಕಾಯಬಲ್ಲ. ಮಿತ್ರರು ಮಾಡಿದ್ದೂ ಅದನ್ನೇ. ಕಾಂಪೌಂಡಿನಲ್ಲೇ ಎಂಜಿನ್ ಚಾಲೂ ಇಟ್ಟು, ರೇಡಿಯೇಟರ್ ಫ್ಯಾನು ಎರಡು ಮೂರು ಸಲ ತಿರುಗಿ ನಿಲ್ಲುವ ತನಕ ಬಿಸಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಸ್ಟೂಲ್ ಹಾಕಿ ಕೂತರು. ನಿಂತ ಕೂಡಲೆ ಕೇಳಬೇಕಾದ ಪ್ರಶ್ನೆ ಎರಡೇ. ಪೆಟ್ರೋಲ್ ಬರುತ್ತಿದೆಯೇ? ಕಿಡಿ ಬರುತ್ತಿದೆಯೇ?

ಪೆಟ್ರೋಲಿಗೆ ಕಿವಿ ಸಾಕು. ಕೀಲಿ ತಿರುಗಿಸಿ ಸೆಲ್ಫ್ ಹೊಡೆಯದೆ ನಿಲ್ಲಿಸಿದರೆ ಹಿಂದಿನ ಸೀಟಿನ ಕೆಳಗೆ ಒಂದೆರಡು ಸೆಕೆಂಡ್ ‘ಝುಂಯ್’ ಎಂದು ಪಂಪ್ ಸದ್ದು ಮಾಡಬೇಕು. ಮಾಡಿತು. ಒತ್ತಡ ಸರಿಯಿದೆಯೇ ಎಂಬುದಕ್ಕೆ ಮೀಟರ್ ಬೇಕು, ಇಂಜೆಕ್ಷನ್ ಗಾಡಿಯಲ್ಲಿ ಸಾಮಾನ್ಯವಾಗಿ ಮೂರು ಬಾರ್ ಸುತ್ತಮುತ್ತ ಇರುತ್ತದೆ. ಕಿಡಿಗೆ ಸ್ಪಾರ್ಕ್ ಟೆಸ್ಟರ್ ಎಂಬ ಅಗ್ಗದ ಸಾಧನವಿದೆ. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ನೋಡುವ ಹಳೇ ಪದ್ಧತಿ ಪದ್ಮಿನಿಯ ಕಾಲಕ್ಕೇ ಮುಗಿಯಿತು, ಈಗಿನ ಕಾಯಿಲ್‌ಗಳು ಕೊಡುವ ಹೊಡೆತ ತಮಾಷೆಯಲ್ಲ. ಮಿತ್ರರ ಗಾಡಿಯಲ್ಲಿ ಕಿಡಿ ಇರಲಿಲ್ಲ. ಇನ್ನೊಂದು ಸಂಗತಿ ಡ್ಯಾಶ್‌ಬೋರ್ಡಿನಲ್ಲೇ ಕಂಡಿತು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲುಗಾಡಬೇಕು. ಅದು ಸೊನ್ನೆಯಲ್ಲೇ ಮಲಗಿತ್ತು. ಅಂದರೆ ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಗಾಡಿಯ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ.

ಆ ಸುದ್ದಿ ಮುಟ್ಟಿಸುವುದು ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಿನ ಗಾತ್ರದ ಪ್ಲಾಸ್ಟಿಕ್ ತುಂಡು. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಹಲ್ಲಿನ ಚಕ್ರವೊಂದು ಎದುರಿಗೆ ತಿರುಗಿದಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ, ಕಂಪ್ಯೂಟರು ಅದನ್ನೆಣಿಸಿ ಯಾವಾಗ ಕಿಡಿ ಕೊಡಬೇಕೆಂದು ನಿರ್ಧರಿಸುತ್ತದೆ. ಇಪ್ಪತ್ತು ವರ್ಷ ಎಂಜಿನ್ನಿನ ಬಿಸಿ ತಿಂದ ತಂತಿಯಲ್ಲಿ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿರುತ್ತದೆ. ತಣ್ಣಗಿರುವಾಗ ಎರಡು ತುದಿಗಳೂ ಕೂಡಿಕೊಂಡಿರುತ್ತವೆ, ಬಿಸಿಯಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತವೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ತಣಿದು ಮತ್ತೆ ಕೂಡಿಕೊಂಡಿರುತ್ತವೆ. ಮಿಸ್ತ್ರಿಯದೂ ತಪ್ಪಲ್ಲ, ಅವನಿಗೆ ಗಾಡಿ ಕೆಟ್ಟು ತೋರಿಸಲೇ ಇಲ್ಲ.

ಮಿತ್ರರು ಸೆನ್ಸರ್ ಬಿಚ್ಚಿ ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಇಟ್ಟರು. ಮಲ್ಟಿಮೀಟರಿನ ಎರಡು ಕಡ್ಡಿ ಹಚ್ಚಿ, ಮಗಳ ಹೇರ್ ಡ್ರೈಯರ್ ತಂದು ಬಿಸಿಗಾಳಿ ಬಿಟ್ಟರು. ಓಮ್ ನಿಧಾನಕ್ಕೆ ಏರುತ್ತ ಹೋಯಿತು. ತಾಮ್ರ ಬಿಸಿಯಾದರೆ ಏರುವುದು ಸಹಜವೇ. ಒಂದು ಹಂತದಲ್ಲಿ ಅಂಕಿಗಳೆಲ್ಲ ಮಾಯವಾಗಿ ಪರದೆಯ ಎಡತುದಿಯಲ್ಲಿ ಒಂಟಿ ‘1’ ನಿಂತಿತು: ತಂತಿ ಕಡಿದಿದೆ. ಡ್ರೈಯರ್ ಬಂದ್ ಮಾಡಿದ ಸ್ವಲ್ಪ ಹೊತ್ತಿಗೆ ಅಂಕಿ ತಿರುಗಿ ಬಂತು. ಪಂಪು, ಕಾಯಿಲ್ಲುಗಳಿಗೆ ಸುರಿದ ದುಡ್ಡಿನ ಮುಂದೆ ಈ ಸೆನ್ಸರಿನ ಬೆಲೆ ಏನೂ ಅಲ್ಲ. (ಹಾಲ್ ಎಫೆಕ್ಟ್ ಜಾತಿಯ ಸೆನ್ಸರನ್ನು ಹೀಗೆ ಓಮ್ ಅಳೆದು ಪರೀಕ್ಷಿಸಲು ಬರುವುದಿಲ್ಲ. ನಿಮ್ಮ ಗಾಡಿಯದು ಯಾವ ಜಾತಿ ಎಂದು ಸರ್ವಿಸ್ ಪುಸ್ತಕದಲ್ಲಿ ಮೊದಲು ನೋಡಿಕೊಳ್ಳಿ.)

ಸ್ಕ್ಯಾನರ್ ಹಚ್ಚಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿರಲಿಲ್ಲವೇ ಎಂದು ಕೇಳಬಹುದು. ನಮ್ಮಲ್ಲಿ ಆನ್‌ಬೋರ್ಡ್ ಡಯಾಗ್ನಾಸ್ಟಿಕ್ಸ್ ಕಡ್ಡಾಯವಾದದ್ದು ಭಾರತ್ ಸ್ಟೇಜ್ 4ರ ಜೊತೆಗೆ, 2010ರ ನಂತರ. ಅದಕ್ಕೂ ಹಿಂದಿನ ಬಹಳಷ್ಟು ಗಾಡಿಗಳು ಈಗ ಸಿಗುವ ಅಗ್ಗದ ಸ್ಕ್ಯಾನರ್‌ಗಳ ಜೊತೆ ಮಾತೇ ಆಡುವುದಿಲ್ಲ. ಆದ್ದರಿಂದ ಈ ತಲೆಮಾರಿನ ಗಾಡಿಗಳದು ವಿಚಿತ್ರ ಪಾಡು. ಪದ್ಮಿನಿಯಷ್ಟು ಸರಳವೂ ಅಲ್ಲ, ಇಂದಿನ ಕಾರುಗಳಷ್ಟು ಬಾಯಿಬಿಡುವಂಥವೂ ಅಲ್ಲ. ಖಂಡಾಲಾ ಘಾಟಿಯಲ್ಲಿ ಪದ್ಮಿನಿ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಕಾದರೆ ಸಾಕಿತ್ತು. ಆ ವಿದ್ಯೆ ಇಲ್ಲಿ ನಡೆಯುವುದಿಲ್ಲ.

ಇನ್ನು ಹಿಂದಿನ ಮಾಲೀಕರ ಕಾಲದ ಜುಗಾಡ್. ಹಳೇ ವೇಗದ ಗಾಡಿ ಕೊಂಡವರು ಮೊದಲು ಮಾಡಬೇಕಾದ ಕೆಲಸ ಹೊಸ ಸಾಮಾನು ಹಾಕುವುದಲ್ಲ, ಬೇರೆಯವರು ಹಾಕಿದ್ದನ್ನು, ಕಿತ್ತದ್ದನ್ನು ಹುಡುಕುವುದು. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಚಟ ನಮ್ಮ ಮಿಸ್ತ್ರಿಗಳಿಗೆ ಬಹಳ. ಮುಂಬಯಿಯ ಸೆಕೆಗೆ ಅದು ಬೇಡ ಎಂಬ ವಾದ. ಅದು ಇಲ್ಲದಿದ್ದರೆ ಎಂಜಿನ್ ತನ್ನ ಹದದ ಬಿಸಿಗೆ ಬರುವುದೇ ಇಲ್ಲ. ಇನ್ನೂ ತಣ್ಣಗಿದ್ದೇನೆ ಎಂದುಕೊಂಡ ಕಂಪ್ಯೂಟರು ಪೆಟ್ರೋಲ್ ಹೆಚ್ಚು ಹೆಚ್ಚು ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮಾಲೀಕ ಇಂಜೆಕ್ಟರ್ ಸ್ವಚ್ಛ ಮಾಡಿಸುತ್ತಾನೆ. ಕೂಲಂಟ್ ಬದಲಿಗೆ ನಲ್ಲಿ ನೀರು ಹಾಕಿದ್ದರೆ ರೇಡಿಯೇಟರಿನಿಂದ ಬೀಳುವುದು ತುಕ್ಕಿನ ಚಹಾ. ಐಡಲ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತಿದ್ದರೆ ಸೆನ್ಸರುಗಳ ಹಿಂದೆ ಹೋಗುವ ಮೊದಲು, ಗಿಡಗಳಿಗೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ಇನ್‌ಟೇಕ್ ಕಡೆಯ ರಬ್ಬರ್ ಪೈಪುಗಳ ಸಂದುಗಳಿಗೆ ಸ್ವಲ್ಪ ನೀರು ಹೊಡೆದು ನೋಡಿ. ವೈರಿಂಗಿನ ಮೇಲೆ ಬೀಳದಂತೆ ಎಚ್ಚರವಿರಲಿ. ಎಲ್ಲಿ ನೀರು ಬಿದ್ದಾಗ ಎಂಜಿನ್ನಿನ ಸದ್ದು ಬದಲಾಗುತ್ತದೋ ಅಲ್ಲಿ ಕಳ್ಳಗಾಳಿ ಒಳಗೆ ಹೋಗುತ್ತಿದೆ.

ಸಮುದ್ರದ ಊರಿಗೇ ಅಂಟಿದ ಇನ್ನೊಂದು ಕಾಟ ಅರ್ತಿಂಗ್. ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ತಾಮ್ರದ ಪಟ್ಟಿ ಉಪ್ಪುಗಾಳಿಗೆ ಹಸಿರುಗಟ್ಟುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್‌ಗೂ ಎಂಜಿನ್ ಬ್ಲಾಕಿಗೂ ಮಲ್ಟಿಮೀಟರ್ ಹಿಡಿದು ನೋಡಿ. ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಸೋತಿದೆ ಎಂದರ್ಥ. ಬಿಚ್ಚಿ, ಮರಳುಕಾಗದದಲ್ಲಿ ತಿಕ್ಕಿ, ಮತ್ತೆ ಬಿಗಿಯಿರಿ. ಅರ್ಧ ‘ಎಲೆಕ್ಟ್ರಿಕ್ ಕಂಪ್ಲೇಂಟು’ಗಳು ಅಲ್ಲಿಗೇ ಮುಗಿಯುತ್ತವೆ.

ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಮೀಟರಿನ ಕಿಲೋಮೀಟರ್ ನಂಬಬೇಡಿ. ಮುಂಬಯಿಯ ಗಾಡಿ ಓಡುವುದು ಕಡಿಮೆ, ನಿಂತಲ್ಲೇ ಉರಿಯುವುದು ಹೆಚ್ಚು. ರಬ್ಬರು ವರ್ಷದ ಲೆಕ್ಕಕ್ಕೂ ಹಳಸುತ್ತದೆ. ಇಂಥ 16 ವಾಲ್ವ್ ಎಂಜಿನ್ನುಗಳಲ್ಲಿ ಅದು ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುವ ಸಾಧ್ಯತೆಯೇ ಹೆಚ್ಚು. ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಬಲ್ಲವರಿಗೆ ಕೊಡಿ. ಗಾಡಿಯ ಅಡಿಗೆ ಹೋಗುವುದಾದರೆ ಜ್ಯಾಕನ್ನೂ ನಂಬಬೇಡಿ, ಸಿಮೆಂಟಿನ ಇಟ್ಟಿಗೆಯನ್ನಂತೂ ನಂಬಲೇಬೇಡಿ. ಉಕ್ಕಿನ ಸ್ಟ್ಯಾಂಡ್ ಜೋಡಿಯೊಂದು ಮನೆಯಲ್ಲಿರಲಿ.

ಸಾಮಾನಿಗೆ ಎಲ್ಲಿಗೆ ಹೋಗುವುದು? ಕುರ್ಲಾದ ಸಿಎಸ್‌ಟಿ ರಸ್ತೆಗೆ. ಫಿಯೆಟ್ ಈ ದೇಶದಲ್ಲಿ ಆ ಹೆಸರಿನ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾದವು, ಕುರ್ಲಾದ ಹಳೇ ಕಾರ್ಖಾನೆಯ ಜಾಗದಲ್ಲಿ ಈಗ ಎತ್ತರದ ಕಟ್ಟಡಗಳು, ಪ್ರೀಮಿಯರ್ ರಸ್ತೆ ಎಂಬ ಹೆಸರೊಂದು ಉಳಿದಿದೆ. ಆದರೆ ಆ ಗಾಡಿಗಳ ಡೋರು, ಲ್ಯಾಂಪು, ಗೇರ್‌ಬಾಕ್ಸುಗಳು ಅದೇ ಕುರ್ಲಾದ ಅಂಗಡಿಗಳ ಮಾಳಿಗೆಗಳಿಂದ ಈಗಲೂ ಇಳಿಯುತ್ತವೆ. ಬರಿಗೈಯಲ್ಲಿ ಹೋಗಬಾರದು, ಹಳೇ ಸಾಮಾನನ್ನು ಚೀಲದಲ್ಲಿ ಒಯ್ದು ಕೌಂಟರಿನ ಮೇಲಿಟ್ಟು ಪಕ್ಕಪಕ್ಕ ಹಿಡಿದು ನೋಡಬೇಕು, ಸಾಧ್ಯವಾದರೆ ಅದರ ಮೈಮೇಲಿನ ನಂಬರ್ ಓದಿ ಹೇಳಬೇಕು. ಸೆನ್ಸರು, ಬ್ರೇಕಿನ ಸಾಮಾನು, ಬೆಲ್ಟು ಇವನ್ನು ಮಾತ್ರ ಹಳೆಯದು ಕೊಳ್ಳಬಾರದು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಮುಂಬಯಿಯಲ್ಲಿ ಇನ್ನೂ ಬೇಗ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದ ನೂರು ಅಶ್ವಶಕ್ತಿಯ ಗಾಡಿಯಲ್ಲಿ ನಾನು ಕೂರಲಾರೆ.

ಗಾಡಿ ಸರಿಯಾದ ಮೇಲೆ ಶಕ್ತಿ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಚೆನ್ನೈ ಬಳಿಯ ಶೋಲಾವರಂ ವಿಮಾನಪಟ್ಟಿಯಲ್ಲಿ ತಿದ್ದಿ ತೀಡಿದ ಫಿಯೆಟ್‌ಗಳು ರೇಸ್ ಓಡುತ್ತಿದ್ದ ಕಾಲದಿಂದಲೂ ಈ ಖಯಾಲಿ ಇದೆ. ಇಂದು ಮೊದಲು ಬರುವುದು ಕೋನ್ ಫಿಲ್ಟರ್. ಅದನ್ನು ತಂಪು ಗಾಳಿಗೆಂದು ಬಂಪರಿನ ಹಿಂದೆ ಕೆಳಗೆ ಕೂರಿಸುತ್ತಾರೆ. ಆಮೇಲೆ ಜುಲೈ ಬರುತ್ತದೆ. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಎದುರು ನೀರು ನಿಲ್ಲುವುದು ಮಾಟುಂಗದವರಿಗೆ ಹೊಸ ಸುದ್ದಿಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಸುರಿದದ್ದನ್ನು ಕಂಡವರು ಮರೆಯುವಂತಿಲ್ಲ. ಮೊಣಕಾಲುದ್ದ ನೀರಿನಲ್ಲಿ ಆ ಫಿಲ್ಟರು ಗಾಳಿಯ ಬದಲು ನೀರು ಕುಡಿಯುತ್ತದೆ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ನಿಂತ ಗಾಡಿಗೆ ಇನ್ನೊಂದು ಸೆಲ್ಫ್ ಹೊಡೆಯುವುದಕ್ಕಿಂತ ದೊಡ್ಡ ಅಪರಾಧವಿಲ್ಲ. ತಳ್ಳಿ ಮೇಲಕ್ಕೆ ತನ್ನಿ, ಪ್ಲಗ್ ಬಿಚ್ಚಿಸಿ, ಆಮೇಲೆ ತಿರುಗಿಸಿ. ಕಂಪನಿಯವರು ಗಾಳಿ ಎಳೆಯುವ ಮೂಗನ್ನು ಅಷ್ಟು ಮೇಲಿಟ್ಟದ್ದಕ್ಕೆ ಕಾರಣವಿದೆ. ಕಾನೂನಿನ ಮಾತೂ ಇದೆ: ತಯಾರಕರ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಸುಸ್ಥಿತಿಯಲ್ಲಿರುವ ನೂರು ಅಶ್ವಶಕ್ತಿ ದಾದರ್-ಸಯನ್ ನಡುವೆ ಯಾರಿಗೂ ಕಡಿಮೆಯಾಗುವುದಿಲ್ಲ.

ಸರಕಾರಕ್ಕಂತೂ ಇಂಥ ಗಾಡಿಗಳು ಬೇಡವಾಗಿವೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು. ಹೊಗೆ ಉಗುಳುವ ಗಾಡಿ ರಸ್ತೆ ಬಿಡಬೇಕು, ಒಪ್ಪೋಣ. ಆದರೆ ಶುಲ್ಕ ನೋಡುವುದು ವಯಸ್ಸನ್ನು, ಹೊಗೆಯನ್ನಲ್ಲ. ವಾರಕ್ಕೊಮ್ಮೆ ಹೊರಬರುವ, ಅಚ್ಚುಕಟ್ಟಾಗಿ ಇಟ್ಟ ಗಾಡಿಗೂ, ಹಗಲಿಡೀ ಕರಿಹೊಗೆ ಬಿಡುವ ಗಾಡಿಗೂ ಒಂದೇ ತಕ್ಕಡಿ ಎಂಬುದು ನ್ಯಾಯವಲ್ಲ.

ಇದಕ್ಕಿಂತ ಅವಸರದ ಸಂಗತಿ ಪೆಟ್ರೋಲ್ ಬಂಕಿನಲ್ಲಿದೆ. 2025ರ ಹೊತ್ತಿಗೆ ದೇಶದೆಲ್ಲೆಡೆ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಅದಕ್ಕೆ ತಕ್ಕ ರಬ್ಬರು, ಲೋಹಗಳೊಂದಿಗೆ ಗಾಡಿಗಳು ತಯಾರಾಗತೊಡಗಿದ್ದು 2023ರಿಂದ. ಹಳೇ ಗಾಡಿಯಲ್ಲಿ ಮೈಲೇಜ್ ಶೇ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಮೈಲೇಜ್ ಹೋಗಲಿ. ಎಥೆನಾಲ್ ಹಳೇ ಜಾತಿಯ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ, ತೇವ ಹೀರಿಕೊಂಡು ಟ್ಯಾಂಕಿನ ತಳಕ್ಕೆ ತುಕ್ಕು ತರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಡುವ ಗಾಡಿಗೆ ಇದು ಇನ್ನೂ ಕೆಟ್ಟದ್ದು. ಮಿತ್ರರ ಗಾಡಿಯ ಪೆಟ್ರೋಲ್ ಹೋಸ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಕ್ಲಿಪ್ ಸಡಿಲಿಸಿ ಬಗ್ಗಿಸಿದಾಗ ಒಳಗಿನ ಪದರ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಮೂರು ಬಾರ್ ಒತ್ತಡದಲ್ಲಿ ಅದು ಒಡೆದರೆ ಪೆಟ್ರೋಲ್ ಚಿಮ್ಮುವುದು ಕೆಂಪಗೆ ಕಾದ ಎಕ್ಸಾಸ್ಟ್ ಪೈಪಿನ ಕಡೆಗೆ. ಮಾಮಿಯ ಮೂಗು ಹೇಳಿದ್ದು ಇದನ್ನೇ.

ಮಾಟುಂಗದ ಹಳೇ ಕಟ್ಟಡಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಹೊಸ ಗೋಪುರಗಳ ಯಾಂತ್ರಿಕ ಪಾರ್ಕಿಂಗಿನಲ್ಲಿ ಬಾನೆಟ್ ಎತ್ತಲು ಜಾಗವೇ ಇರುವುದಿಲ್ಲ. ಸೊಸೈಟಿಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ: ನಕ್ಷೆ ಮುಂದಿಟ್ಟು ಕೂರುವಾಗ ಜಿಮ್ಮು, ಪಾರ್ಟಿ ಹಾಲುಗಳ ಜೊತೆಗೆ ಗಾಳಿಯಾಡುವ ಒಂದು ಮೂಲೆ, ಒಂದು ನಲ್ಲಿ, ಬೆಂಕಿ ಆರಿಸುವ ಒಂದು ಸಿಲಿಂಡರ್ ಬರೆಸಿ. ಸೈಕಲ್ ಪಂಕ್ಚರ್ ಹಾಕಲು ಕಲಿಯುವ ಮಕ್ಕಳಿಗೂ ಅದು ಬೇಕಾಗುತ್ತದೆ. ಹಳೇ ಎಂಜಿನ್ ಆಯಿಲನ್ನು ಮಳೆನೀರಿನ ಗಟಾರಕ್ಕೆ ಚೆಲ್ಲುವುದಿಲ್ಲವೆಂದು ನಮ್ಮಂಥವರಿಂದ ಬರೆಸಿಕೊಳ್ಳಿ, ತಕರಾರಿಲ್ಲ.

ಇಂಥ ಗಾಡಿ ಇಟ್ಟುಕೊಂಡವರಿಗೂ ಒಂದು ಮಾತು. ಅಲಾಯ್ ವ್ಹೀಲು, ಕೋನ್ ಫಿಲ್ಟರುಗಳನ್ನು ಮುಂದಿನ ವರ್ಷಕ್ಕೆ ಇಡಿ. ಈ ಮಳೆಗಾಲಕ್ಕೆ ಮುಂಚೆ ಟ್ಯಾಂಕಿನಿಂದ ಎಂಜಿನ್‌ವರೆಗಿನ ರಬ್ಬರ್ ಹೋಸುಗಳನ್ನೆಲ್ಲ ಬದಲಿಸಿ. ಅಂಗಡಿಯಲ್ಲಿ ‘ಪೆಟ್ರೋಲ್ ಪೈಪ್’ ಎಂದಷ್ಟೇ ಕೇಳಿದರೆ ಕಾರ್ಬುರೇಟರ್ ಗಾಡಿಯದ್ದನ್ನು ಕೊಡುತ್ತಾರೆ. ಮೈಮೇಲೆ ‘ಎಸ್‌ಎಇ ಜೆ30ಆರ್9’ ಎಂದು ಅಚ್ಚಾಗಿರುವ ಇಂಜೆಕ್ಷನ್ ಹೋಸನ್ನೇ ಕೇಳಿ ತನ್ನಿ, ಜೊತೆಗೆ ಹೊಸ ಕ್ಲಿಪ್ಪುಗಳನ್ನೂ ತನ್ನಿ.